ಉಡವೂ ಪ್ರಾಣಿ, ಸ್ಪಂಜೂ ಪ್ರಾಣಿ

ಹೋದ ತಿಂಗಳು ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ಚೀಟಿ ಹಿಡಿದು ಕೂತಿದ್ದಾಗ ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಮೂಗಿಗೆ ಬಡಿಯಿತು. ಯಳಂದೂರಿನ ಕಾಲೇಜಿನ ಪ್ರಯೋಗಾಲಯ ನೆನಪಾಯಿತು. ಅಲ್ಲಿ ಜಾಡಿಗಳ ಧೂಳು ಒರೆಸುತ್ತಿದ್ದ ಅಟೆಂಡರ್ ಅಕ್ಕನೂ...

ನಾನಾಗ ಅಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಕ್ಕ ಕುಂತೂರಿನವರು, ನಲವತ್ತು ದಾಟಿದ್ದವರು. ಗಂಡ ತೀರಿಕೊಂಡ ಮೇಲೆ ಅವರಿಗೆ ಆ ಕೆಲಸ ಸಿಕ್ಕಿತ್ತು. ಎಸ್ಸೆಸ್ಸೆಲ್ಸಿ ಪಾಸಾದರೆ ಗುಮಾಸ್ತರ ಹುದ್ದೆಗೆ ಬಡ್ತಿ ಸಿಗುತ್ತಿತ್ತು. ಉಳಿದದ್ದೆಲ್ಲ ಪಾಸಾಗಿ ವಿಜ್ಞಾನವೊಂದೇ ಎರಡು ಸಲ ಕೈಕೊಟ್ಟಿತ್ತು. ಹೇಳಿಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದರು. ಊಟದ ಬಿಡುವಿನಲ್ಲಿ ಪಾಠ ಶುರುವಾಯಿತು.

ಪ್ರಾಣಿಗಳ ವರ್ಗೀಕರಣಕ್ಕೆ ಬಂದಾಗ ಕಪಾಟಿನಿಂದ ಎರಡು ಜಾಡಿ ತಂದು ಮೇಜಿನ ಮೇಲಿಟ್ಟೆ. ಒಂದರಲ್ಲಿ ಬಾಲ ಸುತ್ತಿಕೊಂಡ ಉಡ, ಇನ್ನೊಂದರಲ್ಲಿ ಸಮುದ್ರದ ಸ್ಪಂಜು. ಎರಡೂ ಪ್ರಾಣಿಯೇ ಅಂದೆ. ಅಕ್ಕ ಒಪ್ಪಲಿಲ್ಲ.

"ಕಬ್ಬಿನ್ ಗದ್ದೇಲಿ ಉಡ ಕಂಡಿವ್ನಿ ಮಿಸ್. ನಾಲ್ಗೆ ಚಾಚ್ತದೆ, ಅಟ್ಟುಸ್ಕಂಡೋದ್ರೆ ಬಿಲ ಸೇರ್ತದೆ. ಇದು ಪಾತ್ರೆ ತಿಕ್ಕೋ ನಾರಿನಂಗದೆ. ಎಂಗೆ ಪ್ರಾಣಿ ಆದದು?"

ಉಡಕ್ಕೆ ಬೆನ್ನುಮೂಳೆಯಿದೆ, ಸ್ಪಂಜಿಗಿಲ್ಲ. ಅದು ಬಂಡೆಗೆ ಅಂಟಿಕೊಂಡೇ ಬದುಕುತ್ತದೆ. ಆದರೆ ಗಿಡದ ಹಾಗೆ ತನ್ನ ಆಹಾರ ತಾನೇ ಮಾಡಿಕೊಳ್ಳಲಾರದು, ಮೈಯ ತೂತುಗಳಿಂದ ನೀರೆಳೆದು ಅದರಲ್ಲಿ ಸಿಕ್ಕಿದ್ದನ್ನು ತಿನ್ನುತ್ತದೆ ಎಂದು ವಿವರಿಸಿದೆ. ಅಕ್ಕ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹನ್ನೆಲ್ಡು ವರ್ಸದಿಂದ ಒರೆಸ್ತಿವ್ನಿ. ಇದು ಪ್ರಾಣಿ ಅಂತ ಒಬ್ರೂ ಯೋಳ್ನಿಲ್ಲ" ಅಂದರು.

ಆಮೇಲೆ ದಿನಕ್ಕೊಂದು ಜಾಡಿ ಕೆಳಗಿಳಿಯಿತು. ಪರೀಕ್ಷೆಗೆ ಬೇಕಾದದ್ದಕ್ಕಿಂತ ಹೆಚ್ಚೇ ಕೇಳುತ್ತಿದ್ದರು. ಅಟೆಂಡರಿಗೆ ಇಷ್ಟೆಲ್ಲ ಯಾಕೆ ಎಂದು ಹಿರಿಯ ಉಪನ್ಯಾಸಕರೊಬ್ಬರು ನಕ್ಕರು. ಅಕ್ಕನಿಗೆ ಅದು ಕೇಳಿಸಿತ್ತು. ಮರುದಿನವೂ ಪುಸ್ತಕ ಹಿಡಿದು ಬಂದರು.

ಆ ಸಲ ಪಾಸಾದರು. ಬಡ್ತಿಯ ಜೊತೆ ಹನೂರಿಗೆ ವರ್ಗವೂ ಆಯಿತು. ಹೊರಡುವ ಮುಂಚೆ ಎರಡು ದಿನ ಕೂತು, ಜಾಡಿಗಳ ಮೇಲೆ ಅಕ್ಷರ ಮಾಸಿಹೋಗಿದ್ದ ಚೀಟಿಗಳನ್ನೆಲ್ಲ ಕಿತ್ತು, ಕನ್ನಡದಲ್ಲಿ ಹೊಸದಾಗಿ ಬರೆದು ಅಂಟಿಸಿದರು. ಉಡದ ಜಾಡಿಯ ಮೇಲೆ ಬರೀ 'ಉಡ' ಎಂದಿತ್ತು. ಸ್ಪಂಜಿನದರ ಮೇಲೆ 'ಸ್ಪಂಜು, ಇದು ಪ್ರಾಣಿ' ಎಂದಿತ್ತು. ಮುಂದೆ ಒರೆಸಲು ಬರುವವರಿಗೆ ಗೊತ್ತಿರಲಿ ಅಂದರು.

ಮೊದಮೊದಲು ಫೋನ್ ಮಾಡುತ್ತಿದ್ದರು. ಬನ್ನಿ ಮಿಸ್, ನನ್ನ ಮೇಜು ಕುರ್ಚಿ ನೋಡಿ ಅನ್ನುತ್ತಿದ್ದರು. ಬರುತ್ತೇನೆ ಅನ್ನುತ್ತಿದ್ದೆ, ಹೋಗಲಿಲ್ಲ. ನನಗೂ ಕೊಳ್ಳೇಗಾಲದಲ್ಲಿ ಕಾಯಂ ಕೆಲಸ ಸಿಕ್ಕಿತು, ಮಕ್ಕಳಾದವು... ಫೋನು ನಿಂತಿತು.

ಆಸ್ಪತ್ರೆಯಿಂದ ಬಂದ ಮರುದಿನ ಅವರ ನಂಬರಿಗೆ ಫೋನ್ ಮಾಡಿದೆ. ಮಗಳು ಎತ್ತಿದಳು. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು ಅಂದಳು. ತಾವು ಯಾರು ಎಂದು ಕೇಳಿದಳು. ಪರಿಚಯದವರು ಅಂದೆ.

ಇಲ್ಲಿ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದರೆ ಹನೂರಿಗೆ ಒಂದು ಗಂಟೆಯೂ ಬೇಡ.