ಹುಳುಮನೆಯ ಹೊಸ್ತಿಲು

ಆ ಮನೆಗೆ ನಾನು ಎರಡನೆಯ ಹೆಂಡತಿಯಾಗಿ ಹೋದವಳು. ಇದರಲ್ಲಿ ಮುಚ್ಚಿಡುವುದೇನಿದೆ? ಮೊದಲನೆಯವಳಿಗೆ ಎಂಟು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಶ್ರೀನಿವಾಸಪುರದ ಕಡೆಯಿಂದ ನನ್ನನ್ನು ತಂದರು. ಅವರದು ಮುಳಬಾಗಿಲಿನ ಹತ್ತಿರದ ಹಳ್ಳಿ. ನನಗಾಗ ಹದಿನಾರು. ಮೊದಲನೆಯವಳೂ ಅದೇ ಮನೆಯಲ್ಲಿದ್ದಳು. ಅಕ್ಕ ಅಂತ ಕರಿ ಅಂದರು, ಕರೆದೆ.

ಅವರು ರೇಷ್ಮೆ ಹುಳು ಸಾಕುತ್ತಿದ್ದರು. ಅಡುಗೆಮನೆಯ ಹಿಂದೆ ಹುಳುಗಳಿಗೆಂದೇ ಒಂದು ಕೋಣೆ, ಅದರ ತುಂಬ ಬಿದಿರಿನ ತಟ್ಟೆಗಳು. ಆ ಕೋಣೆಗೆ ಇದ್ದಷ್ಟು ಮಡಿ ದೇವರ ಗೂಡಿಗೂ ಇರಲಿಲ್ಲ. ಮುಟ್ಟಾದವರು ಬರಬಾರದು, ಒಗ್ಗರಣೆಯ ಹೊಗೆ ತಾಗಬಾರದು, ಬಂಜೆಯಂತೂ ಹೊಸ್ತಿಲು ದಾಟಲೇಬಾರದು. ದಾಟಿದರೆ ಹುಳು ಗೂಡು ಕಟ್ಟದೆ ಸಾಯುತ್ತವೆ ಎಂದು ಅತ್ತೆ ಹೇಳುತ್ತಿದ್ದರು. ಅಕ್ಕ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊತ್ತು ತಂದು, ಸಣ್ಣಗೆ ಹೆಚ್ಚಿ, ಮೊರವನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುವಳು. ಒಳಗಿನಿಂದ ನಾನು ಎತ್ತಿಕೊಳ್ಳುವೆ. 'ನನ್ನ ಚಿಕ್ಕ ಸೊಸೆ ಕೈ ಒಳ್ಳೇದು' ಎಂದು ಅತ್ತೆ ಹೋದಲ್ಲಿ ಬಂದಲ್ಲಿ ಹೇಳಿಕೊಂಡರು. ನನಗೆ ಕೊಬ್ಬು ಬಂತು.

ಎರಡನೆಯ ವರ್ಷದಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನು ಬರೆದೂ ಪ್ರಯೋಜನವಿಲ್ಲ. ತುಂಬಿದ ತಟ್ಟೆಯೊಂದನ್ನು ಗಾಳಿಗಿಡಲು ಬಾಗಿಲ ಬಳಿ ತರುತ್ತಿದ್ದೆ. ಕಾಲು ಜಾರಿತು. ಆಚೆ ನಿಂತಿದ್ದ ಅಕ್ಕ ಗಕ್ಕನೆ ಕೈ ಚಾಚಿ ತಟ್ಟೆಯ ಅಂಚು ಹಿಡಿದಳು. ಹಿಡಿಯದಿದ್ದರೆ ಅಷ್ಟೂ ಹುಳು ನೆಲದ ಪಾಲಾಗುತ್ತಿದ್ದವು. ನಾನು ತಟ್ಟೆಯನ್ನು ಕೆಳಗಿಟ್ಟು, ಆ ಕೈಗೆ ಫಟಾರನೆ ಹೊಡೆದೆ.

"ಮುಟ್ತೀಯಾ? ನಿನ್ ಕೈ ತಗುಲಿದ್ರೆ ಸಾಯ್ತಾವೆ ಅಂತ ಗೊತ್ತಿಲ್ವಾ?"

ಅವಳು ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಕೈಯನ್ನು ಒಮ್ಮೆ ನೋಡಿಕೊಂಡು, ಸೆರಗಿಗೆ ಒರೆಸಿ, ಸೊಪ್ಪು ತರಲು ಹೋದಳು. ಆ ಸಲ ಬೆಳೆ ಚೆನ್ನಾಗಿಯೇ ಬಂತು. ಅವಳು ಮುಟ್ಟಿದ ತಟ್ಟೆಯ ಹುಳುಗಳೂ ಗೂಡು ಕಟ್ಟಿದವು. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಕಣ್ಣು ನೆತ್ತಿಗೇರಿತ್ತು.

ಮೂರು ವರ್ಷವಾಯಿತು, ನಾಲ್ಕಾಯಿತು. ನನ್ನ ಹೊಟ್ಟೆಯೂ ತುಂಬಲಿಲ್ಲ. ಅರಳಿಮರ ಸುತ್ತಿದೆ, ಒದ್ದೆ ಸೀರೆಯಲ್ಲಿ ಉರುಳಿದೆ, ಪಂಡಿತನೊಬ್ಬ ಕೊಟ್ಟ ಕಹಿ ಬೇರು ಅರೆದು ಕುಡಿದು ವಾಂತಿ ಮಾಡಿಕೊಂಡೆ. ತಿಂಗಳು ತಿಂಗಳೂ ಮುಟ್ಟಾದಾಗ ಹಿತ್ತಲಿನಲ್ಲಿ ಕೂತು ಅಳುತ್ತಿದ್ದೆ. ಅಕ್ಕ ದೂರದಿಂದಲೇ ತಟ್ಟೆಯಲ್ಲಿ ಮುದ್ದೆ ತಳ್ಳಿ, "ಉಣ್ಣು, ಅತ್ರೆ ಮಗು ಬರಲ್ಲ" ಅನ್ನುವಳು. ಕೊನೆಗೆ ಕೋಲಾರದ ಆಸ್ಪತ್ರೆಗೆ ಇಬ್ಬರನ್ನೂ ಕರೆದೊಯ್ದರು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಇಬ್ಬರಲ್ಲೂ ಏನೂ ತೊಂದರೆ ಕಾಣ್ತಿಲ್ಲ. ನಿಮ್ಮ ಯಜಮಾನರನ್ನ ಕಳಿಸಿ, ಅವರನ್ನೂ ನೋಡ್ಬೇಕು" ಎಂದರು. ಆತ ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿದ್ದ. ಹೇಳಿದೆವು.

"ಗಂಡಸಿಗೆಂಥದು ಪರೀಕ್ಷೆ? ನಡೀರಿ" ಎಂದು ಬಸ್ಸಿನ ಕಡೆಗೆ ಹೊರಟ.

ಐದನೆಯ ವರ್ಷ, ಹೊಸ ಮೊಟ್ಟೆ ಒಡೆದು ಹುಳು ಬಂದ ದಿನ, ಅತ್ತೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. "ನೀನಿನ್ನ ಆಚೆ ಇರಮ್ಮ" ಅಂದರು, ಅಷ್ಟೇ. ನಾನು ಹೊಸ್ತಿಲು ದಾಟಿ ಹೊರಗೆ ಬಂದೆ. ಸೊಪ್ಪು ಹೆಚ್ಚುತ್ತಿದ್ದ ಅಕ್ಕ ಸ್ವಲ್ಪ ಸರಿದು ಜಾಗ ಕೊಟ್ಟು, ಇನ್ನೊಂದು ಕುಡುಗೋಲನ್ನು ನನ್ನ ಕಡೆ ನೂಕಿದಳು. ಅವತ್ತು ನನಗೆ ನಾಚಿಕೆಯಿಂದ ಸಾಯಬೇಕೆನಿಸಿತು. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ.

ಆಮೇಲೆ ಮೂರನೆಯವಳನ್ನು ಹುಡುಕಿದರು. ಮಾಲೂರಿನ ಲಕ್ಕೂರು ಕಡೆಯ ಹುಡುಗಿ, ಹದಿನೈದು ವರ್ಷದವಳಂತೆ. ಮನೆ ನೋಡಲು ಅವಳ ತಂದೆ ಬಂದ. ಪಾಪದ ಮನುಷ್ಯ, ಹಣೆಯ ಬೆವರು ಒರೆಸಿಕೊಳ್ಳುತ್ತಾ ಜಗುಲಿಯಲ್ಲಿ ಕೂತಿದ್ದ. ಮಜ್ಜಿಗೆ ಕೊಡಲು ನನ್ನನ್ನೇ ಕಳಿಸಿದರು. ನಾನು ಮೊದಲೇ ಬಾಯಿಬಡುಕಿ. ಲೋಟ ಅವನ ಕೈಗೆ ಕೊಟ್ಟು ಹೇಳಿಯೇಬಿಟ್ಟೆ.

"ಅಣ್ಣಾ, ನಿಮ್ ಮಗಳನ್ನ ಇಲ್ಲಿಗೆ ಕೊಡ್ಬೇಡಿ. ಅಕ್ಕಂಗೂ ಆಗ್ಲಿಲ್ಲ, ನಂಗೂ ಆಗ್ಲಿಲ್ಲ. ನಮ್ಮಿಬ್ರಲ್ಲೂ ಏನೂ ತೊಂದ್ರೆ ಇಲ್ಲ ಅಂತ ಕೋಲಾರದ ಡಾಕ್ಟರಮ್ಮ ಹೇಳಿದಾರೆ. ನಾಳೆ ನಿಮ್ ಮಗಳನ್ನೂ ಬಂಜೆ ಅಂತಾರೆ."

ಅಕ್ಕ ಒಳಗಿಂದ ಬಂದು ನನ್ನ ಪಕ್ಕ ನಿಂತಳು. ಅವಳ ತವರು ನಂಗಲಿ. ಮನಸ್ಸು ಕಲಕಿದರೆ ತೆಲುಗೇ ಬರುತ್ತಿತ್ತು. "ನಿಜಮೇ" ಎಂದಳು, "ಅವಳು ಹೇಳಿದ್ದೆಲ್ಲಾ ನಿಜ." ಆ ಮನುಷ್ಯ ಮಜ್ಜಿಗೆ ಕುಡಿಯದೆ ಎದ್ದುಹೋದ. ಗಂಡ ನಮ್ಮಿಬ್ಬರಿಗೂ ಬಡಿದ ಬಡಿತಕ್ಕೆ ಇವತ್ತಿಗೂ ನನ್ನ ಎಡಗಿವಿ ಮಂದ. ಮರುದಿನ ಉಟ್ಟ ಸೀರೆಯಲ್ಲಿ ಇಬ್ಬರೂ ನಂಗಲಿಗೆ ನಡೆದೆವು.

ಅಲ್ಲಿ ಅಕ್ಕನ ತಾಯಿ ತೀರಿಕೊಂಡು ಬೀಗ ಬಿದ್ದಿದ್ದ ಎರಡು ಅಂಕಣದ ಮನೆಯಿತ್ತು. ಯುದ್ಧದ ಕಾಲ, ಪ್ಯಾರಾಚೂಟಿಗೆ ಬೇಕೆಂದು ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ಗೂಡು ಕೊಳ್ಳುವ ಸಾಬರೊಬ್ಬರು ಮೊಟ್ಟೆಯ ಹಾಳೆ ತಂದುಕೊಟ್ಟು, ಅವರ ತೋಟದ ಸೊಪ್ಪನ್ನೇ ಕೊಯ್ದುಕೊಳ್ಳಲು ಹೇಳಿದರು. "ಹುಳಕ್ಕೇನ್ ಗೊತ್ತಮ್ಮಾ, ಸೊಪ್ಪು ಹಾಕಿದ್ರೆ ತಿಂತದೆ" ಎಂದರು. ಬೀದಿಯ ಹೆಂಗಸರು ಮಾತ್ರ ಸುಮ್ಮನಿರಲಿಲ್ಲ. ಇಬ್ಬರು ಬಂಜೆಯರು ಹುಳು ಮೇಯಿಸುತ್ತಾರಂತೆ, ನೋಡೋಣ ಎಂದು ಬಾವಿಯ ಬಳಿ ನಕ್ಕರು. ಈ ಹುಳು ಸತ್ತರೆ ಅವರ ಮಾತು ನಿಜವಾಗುತ್ತದೆ, ಅತ್ತೆಯ ಮಾತೂ ನಿಜವಾಗುತ್ತದೆ. ನನಗೆ ಊಟ ಸೇರುತ್ತಿರಲಿಲ್ಲ.

ಮೊದಲನೆಯ ದಿನವೇ ಅಕ್ಕ ಸೊಪ್ಪಿನ ಮೊರವನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು.

"ಒಳಗ್ ಬಾ ಅಕ್ಕಾ. ಇದು ನಿನ್ನ ಮನೆ."

"ವದ್ದು ಕಣೇ, ಬೇಡ. ನನ್ ಕೈ ಯಾಕೆ? ನೀನೇ ಹಾಕು."

ಬೇಡಿಕೊಂಡೆ, ಬೈದೆ. ಡಾಕ್ಟರಮ್ಮನ ಮಾತನ್ನು ನೆನಪಿಸಿದೆ. ಹೌದು ಹೌದು ಅನ್ನುವಳು, ಮೊರವನ್ನು ಮತ್ತೆ ಹೊಸ್ತಿಲಲ್ಲೇ ಇಡುವಳು. ಜಗುಲಿಯಲ್ಲಿ ಅಷ್ಟು ಜನರೆದುರು ನಿಜ ಅಂದವಳಿಗೆ ತನ್ನ ಕೈಯ ಮೇಲೆ ಮಾತ್ರ ನಂಬಿಕೆ ಬರಲಿಲ್ಲ.

ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ವಿಪರೀತ ಹಸಿವು, ಎಷ್ಟು ಹಾಕಿದರೂ ಸಾಲದು. ಆ ದಿನ ನನಗೆ ಸಿಟ್ಟು ಉಕ್ಕಿತು. ಮೊರವನ್ನು ಮುಟ್ಟದೆ ಆಚೆ ಬಂದು ಅಂಗಳದಲ್ಲಿ ಕೂತೆ.

"ನೀನು ಹಾಕಿದ್ರೆ ತಿಂತಾವೆ. ಇಲ್ದಿದ್ರೆ ಸಾಯ್ಲಿ. ನಾನಂತೂ ಏಳಲ್ಲ."

ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಒಳಗೆ ಹುಳುಗಳು ತಲೆಯೆತ್ತಿ ಸೊಪ್ಪಿಗಾಗಿ ಆ ಕಡೆ ಈ ಕಡೆ ತಡಕಾಡುತ್ತಿದ್ದವು. ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು. ನನ್ನ ಕಡೆ ತಿರುಗಿ ಅತ್ತಳು. ನಾನು ಅಲ್ಲಾಡಲಿಲ್ಲ. ಕೊನೆಗೆ ಅವಳು ಕೈಯನ್ನು ಸೆರಗಿಗೆ ಒರೆಸಿ, ಮೊರವನ್ನೆತ್ತಿಕೊಂಡು ಒಳಗೆ ಕಾಲಿಟ್ಟಳು.

ಅಲ್ಲಿಂದ ಒಂದು ವಾರ ಅವಳು ನಿದ್ದೆ ಮಾಡಲಿಲ್ಲ. ಎಲ್ಲರ ಮನೆಯಲ್ಲೂ ಅಷ್ಟಿಷ್ಟು ಹುಳು ಸಾಯುವುದು ಇದ್ದದ್ದೇ. ನಮ್ಮಲ್ಲೂ ಸತ್ತವು. ಒಂದೊಂದನ್ನೂ ಅಂಗೈಯಲ್ಲಿ ತಂದು, "ನನ್ನಿಂದಲೇ" ಅನ್ನುವಳು. ನಾನು ಕಿತ್ತುಕೊಂಡು ತಿಪ್ಪೆಗೆ ಎಸೆಯುವೆ. ಉಳಿದವು ಹಣ್ಣಾಗಿ ನೂಲು ಬಿಡುವ ಹದಕ್ಕೆ ಬಂದವು. ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಇಬ್ಬರೂ ಸೇರಿ ಬಿಟ್ಟೆವು.

ಆರನೆಯ ದಿನ ಬೆಳಿಗ್ಗೆ ಚಂದ್ರಿಕೆಯ ತುಂಬ ಹಳದಿ ಗೂಡುಗಳು. ಬಾವಿಯ ಬಳಿ ನಕ್ಕವರೇ ಬಂದು ಇಣುಕಿ ಹೋದರು. ಅಕ್ಕ ಒಂದು ಗೂಡು ಬಿಡಿಸಿ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಗಟ್ಟಿಯಾಗಿ ಸದ್ದಾಯಿತು, ಅದೇ ಒಳ್ಳೆಯ ಗೂಡಿನ ಗುರುತು. ನಾನು ಆ ಕೈಯನ್ನು ಹಿಡಿದುಕೊಂಡೆ.

"ಅಕ್ಕಾ, ಅವತ್ತು ಈ ಕೈಗೇ ಹೊಡೆದೆನಲ್ಲಾ. ನನ್ ಕೈ ಸೇದಿಹೋಗ. ನಿಂಗೆ ಎಷ್ಟು ಕೋಪ ಬಂದಿತ್ತೋ ಏನೋ."

ಅವಳು ಗೂಡನ್ನೇ ನೋಡುತ್ತಿದ್ದಳು.

"ಕೋಪ ಯಾಕ್ ಬರ್ತದೆ? ನೀನು ಹೊಡೆದಿದ್ದು ಸರೀನೇ ಅನ್ಕೊಂಡಿದ್ದೆ ಕಣೇ. ಇವತ್ತಿನ ತನಕಾನೂ."