ಚಿಪ್ಪಿನ ಇದ್ದಿಲು, ಗುಬ್ಬಿ ರಸ್ತೆ

ಗುಬ್ಬಿ ದಾಟಿದ ಮೇಲೆ ಟ್ಯಾಕ್ಸಿ ಪಂಕ್ಚರ್ ಆಯಿತು. ಪಕ್ಕದಲ್ಲೇ ತೆಂಗಿನ ಚಿಪ್ಪು ಸುಡುವ ಗುಂಡಿ. ಅದಕ್ಕೆ ಮಣ್ಣು ಮುಚ್ಚುತ್ತಿದ್ದ ಕೂಲಿ ಹೆಂಗಸು ಜಯಮ್ಮ ಕೆಮ್ಮುತ್ತಲೇ ಮಾತಿಗೆ ನಿಂತರು.

“ಈ ಇದ್ದಿಲು ಎಲ್ಲಿಗೆ ಹೋಗುತ್ತೆ?”

“ಫ್ಯಾಕ್ಟ್ರಿಗೆ ಕಣಮ್ಮ. ದೊಡ್ಡ ದೊಡ್ಡ ಚಿಮಣಿ ಗ್ಯಾಸ್ ಹೀರ್ಕೊಳೋ ಪುಡಿ ಮಾಡ್ತಾರಂತೆ.”

ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಟೆಕ್ನಾಲಜಿ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಅದು ಇಂಥ ಗುಂಡಿಯಿಂದ ಶುರುವಾಗುತ್ತದೆಂದು ಗೊತ್ತಿರಲಿಲ್ಲ.

“ಇಲ್ಲಿಯ ಹೊಗೆ?”

“ಅದ್ಕೆ ನಾನಿಲ್ವಾ!” ನಗುತ್ತಲೇ ಮತ್ತೆ ಕೆಮ್ಮಿದರು.

ಅಷ್ಟರಲ್ಲಿ ಮಾಲೀಕ ಬೈಕಿನಲ್ಲಿ ಬಂದ. ಜಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಉಸಿರು ಬಿಗಿಹಿಡಿದರು. ಕಣ್ಣಲ್ಲಿ ನೀರು ಬಂತು. ನೋಡಲಾಗದೆ, ಕಾನ್ವೆಂಟಿನಲ್ಲಿ ಕಲಿಸಿದಂತೆ ಬಹಳ ಪೊಲೈಟಾಗಿ ನಾನೇ ಹೇಳಿಬಿಟ್ಟೆ: “ಇವರ ಕೆಮ್ಮು ಸೀರಿಯಸ್ಸಾಗಿದೆ, ಡಾಕ್ಟರಿಗೆ ತೋರಿಸಿ, ಪ್ಲೀಸ್.”

“ಹೌದಾ? ಹಂಗಾದ್ರೆ ನಾಳೆಯಿಂದ ಬರ್ಬೇಡ ಬುಡು ಜಯಕ್ಕ, ಮನೇಲಿ ರೆಸ್ಟ್ ತಗೋ,” ಎಂದು ಅವನು ಹೊರಟುಹೋದ.

“ಸಾರಿ ಜಯಮ್ಮ,” ಎಂದೆ. ಅವರು ಬೈಯಲಿಲ್ಲ.

“ನೀವು ಒಳ್ಳೇದಕ್ಕೇ ಹೇಳಿದ್ರಿ. ಕೆಲ್ಸ ಹೋಯ್ತದೆ ಅಂತ, ಎರಡು ವರ್ಷದಿಂದ ಅವ್ನೆದುರಿಗೆ ಒಂದ್ಸಲಾನೂ ಕೆಮ್ಮಿರ್ಲಿಲ್ಲ ಕಣಮ್ಮ ನಾನು.”