ಬೀರುವಿನ ಬೀಗದ ಕೈ

ಊರಿಗಾಂನಲ್ಲಿ ಚಿನ್ನದ ಗಣಿಯ ಗುಮಾಸ್ತರಾಗಿದ್ದ ನನ್ನ ಗಂಡ ಸಂಬಳವನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಸೊಪ್ಪಿಗೂ ನಾನು ಕೈಚಾಚಬೇಕಿತ್ತು. ಒಂದು ಬೆಳಿಗ್ಗೆ ಹತ್ತು ರೂಪಾಯಿ ಕೇಳಿದೆ.

"ಯಾತಕ್ಕೆ?" ಎಂದರು, ಅತ್ತೆಯ ಎದುರಿಗೇ.

ನನ್ನ ಒಳಲಂಗ ಹರಿದಿತ್ತು. ಕಾನ್ವೆಂಟಿನಲ್ಲಿ ಕಲಿತಂತೆ ಮೆಲ್ಲಗೇ ಹೇಳಿದೆ: "ಅದನ್ನ ಹೇಳೋದಿಲ್ಲ. ಇನ್ಮೇಲೆ ಬೀಗದ ಕೈ ಗೋಡೆ ಮೇಲಿರಲಿ, ಇಬ್ಬರಿಗೂ. ಅಲ್ಲೀವರೆಗೂ ಒಲೆ ಹಚ್ಚೋದಿಲ್ಲ."

"ನೋಡಮ್ಮಾ ನಿನ್ ಸೊಸೇನ!" ಎಂದು ನಕ್ಕರು.

ರಾಗಿ ಕೇರುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನೇತಾಕ್ಲಾ. ನಿಮ್ಮಪ್ಪನ್ನ ಇಂಗೆ ಕೇಳಕ್ಕೆ ನಂಗೆ ದೈರ್ಯ ಇರ್ಲಿಲ್ಲ."

ಗಂಡ ಕೆಲಸಕ್ಕೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದಾಗ ಒಲೆ ತಣ್ಣಗಿತ್ತು. ಅತ್ತೆ ಕಡ್ಲೆಪುರಿ ತಿನ್ನುತ್ತಿದ್ದರು. ಗಂಡ ಸುತ್ತಿಗೆ ಹುಡುಕಿ ತಂದು ಕೇಳಿದರು: "ಮೊಳೆ ಎಲ್ಲಿ ಒಡೀಲಿ?"

"ನನ್ನ ಕೈಗೆ ಎಟುಕೋ ಕಡೆ," ಎಂದೆ.